ಮೂರನೇ ಯಂತ್ರದ ನಾಲಗೆ

ರಾತ್ರಿ ಹನ್ನೊಂದೂವರೆಗೆ ಪರ್ಸಿನ ಗುಂಡಿ ‘ಟಿಕ್’ ಎಂದಿತು. ಒಲೆ, ಬೀಗ, ಪರ್ಸು ಈ ಮೂರನ್ನೂ ಒಮ್ಮೆ ನೋಡದೆ ಸುವಾನ್ ಕಿಮ್‌ಗೆ ನಿದ್ದೆ ಹತ್ತುತ್ತಿರಲಿಲ್ಲ. ಒಲೆ ಆರಿತ್ತು. ಬೀಗ ಬಿದ್ದಿತ್ತು. ಪರ್ಸಿನಲ್ಲಿ ನಾಣ್ಯಗಳಿದ್ದವು, ನೋಟುಗಳಿರಲಿಲ್ಲ.

ಕತ್ತಲಲ್ಲೇ ನಿಂತು ಸಂಜೆಯದನ್ನೆಲ್ಲ ನೆನಪಿಸಿಕೊಂಡಳು. ಎಂಟು ಗಂಟೆಗೆ ಕೆಳಗಿನ ಅಂಗಡಿ. ಗಿರಾಕಿಗಳೇ ಬಿಲ್ಲು ಮಾಡಿಕೊಳ್ಳುವ ಯಂತ್ರಗಳಲ್ಲಿ ಮೂರನೆಯದು. ಸೋಯಾ ಹಾಲು, ಬ್ರೆಡ್ಡು, ಮೊಟ್ಟೆ. ಐವತ್ತರ ನೋಟು ಹಾಕಿದಳು. ನಾಣ್ಯಗಳು ಬಟ್ಟಲಿಗೆ ಗಲಗಲ ಬಿದ್ದವು, ಬಾಚಿಕೊಂಡು ಹೊರಟಳು. ನೋಟುಗಳು ಬರುವುದು ಮೊಣಕಾಲಿನ ಮಟ್ಟದಲ್ಲಿರುವ ಇನ್ನೊಂದು ಸೀಳಿನಿಂದ, ಸದ್ದೇ ಇಲ್ಲದೆ. ಮೂವತ್ತೈದು ಡಾಲರ್.

ಹೋದರೆ ಹೋಗಲಿ ಎನ್ನುವಂತಿರಲಿಲ್ಲ, ಯಾಕೆಂದರೆ ಪಕ್ಕದಲ್ಲಿ ಗೊರಕೆ ಹೊಡೆಯುತ್ತಿದ್ದ ಗಂಡ ತೆಕ್ ಸೂನ್ ಜೊತೆ ಅವಳು ಪಂಥ ಕಟ್ಟಿದ್ದಳು. ಆತ ನಿವೃತ್ತ ಬಸ್ ಚಾಲಕ, ತಾನು ಓಡಿಸಿದ ಬಸ್ಸಿನಲ್ಲೇ ಕೊಡೆ ಮರೆತು ಬಂದವನು. ಅದಕ್ಕೆ ಮೂವತ್ತು ವರ್ಷದಿಂದ ಬೈಸಿಕೊಂಡು ಸಾಕಾಗಿ, ಕಾಫಿ ಅಂಗಡಿಯಲ್ಲಿ ನಾಲ್ಕು ಜನರೆದುರು ಸವಾಲು ಹಾಕಿದ್ದ. ಚೀನೀ ಪಂಚಾಂಗದ ಏಳನೆಯ ತಿಂಗಳು ಮುಗಿಯುವುದರೊಳಗೆ ಅವಳು ಒಂದೇ ಒಂದು ವಸ್ತುವನ್ನು ಎಲ್ಲಾದರೂ ಮರೆತು ಬಂದರೆ ಅವನು ಬಹಳ ದಿನದಿಂದ ಆಸೆಪಟ್ಟ ಹಾಡುಹಕ್ಕಿ ಮನೆಗೆ ಬರಬೇಕು. ಮರೆಯದಿದ್ದರೆ ಅವನು ಸಾಯುವವರೆಗೂ ಹಕ್ಕಿಯ ಮಾತೆತ್ತುವುದಿಲ್ಲ. ಅವನ ಹಳೆಯ ಜೊತೆಗಾರ ಬೂನ್ ಹಿಯಾಂಗ್ ಅದೇ ಉತ್ಸಾಹದಲ್ಲಿ ಮೇಜು ಕುಟ್ಟಿ, ನೀನು ಗೆದ್ದರೆ ನನ್ನ ಹಕ್ಕಿಯನ್ನೇ ಪಂಜರ ಸಮೇತ ಕೊಡುತ್ತೇನೆ ಎಂದುಬಿಟ್ಟಿದ್ದ.

ಹಕ್ಕಿ ಎಂದರೆ ಬೆಳಗಿನ ಐದಕ್ಕೇ ಕಿರುಚಾಟ, ಬಟ್ಟೆ ಒಣಗಿಸುವ ಕೋಲಿನ ಕೆಳಗೆ ಹಿಕ್ಕೆ, ಫ್ರಿಜ್ಜಿನಲ್ಲಿ ತೋಫುವಿನ ಪಕ್ಕ ಜೀವಂತ ಮಿಡತೆಗಳ ಡಬ್ಬಿ. ತಿಂಗಳು ಮುಗಿಯಲು ಇನ್ನು ಮೂರೇ ದಿನವಿತ್ತು. ಸುವಾನ್ ಕಿಮ್ ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಹೊರಗೆ ಬಂದಳು.

ಅಂಗಡಿಯಲ್ಲಿ ಒಂದು ಮತ್ತು ಎರಡನೇ ಯಂತ್ರದ ಮುಂದೆ ಸಾಲು ನಿಂತಿತ್ತು. ಮೂರನೆಯದರ ಮುಂದೆ ಯಾರೂ ಇರಲಿಲ್ಲ. ಅದರ ಸೀಳಿನಿಂದ ನೋಟುಗಳು ಇನ್ನೂ ನಾಲಗೆ ಚಾಚಿದ ಹಾಗೆ ನೇತಾಡುತ್ತಿದ್ದವು. ಅವುಗಳ ಕೆಳಗೆ, ನೆಲದ ಮೇಲೆ, ಯಾರೋ ಎರಡು ಕಿತ್ತಳೆ ಇಟ್ಟಿದ್ದರು. ಇನ್ಯಾರೋ ಬಿಸ್ಕತ್ತಿನ ಪೊಟ್ಟಣ. ಮತ್ಯಾರೋ ಬಾರ್ಲಿ ನೀರಿನ ಡಬ್ಬಿ, ಕುಡಿಯುವ ಕೊಳವೆಯನ್ನೂ ಚುಚ್ಚಿ.

ಅವಳು ಎರಡು ಹೆಜ್ಜೆ ಮುಂದಿಟ್ಟಿದ್ದಳಷ್ಟೆ, ರಾತ್ರಿ ಪಾಳಿಯ ರೊಹಾನಿ ಕೈ ಅಡ್ಡ ಹಿಡಿದಳು.

“ಅದ್ರ ಹತ್ರ ಹೋಗ್ಬೇಡಿ ಆಂಟಿ. ಅದು ಅಣ್ಣಂದಿರ ದುಡ್ಡಂತೆ.”

ಸತ್ತವರು ಊರೊಳಗೆ ತಿರುಗಾಡುವ ಈ ತಿಂಗಳಲ್ಲಿ ದೆವ್ವ ಎಂಬ ಮಾತನ್ನು ಯಾರೂ ಬಾಯಿಗೆ ತರುವುದಿಲ್ಲ, ಅಣ್ಣಂದಿರು ಎನ್ನುತ್ತಾರೆ. ಅವರಿಗೆಂದು ಬಿಟ್ಟದ್ದನ್ನು ಮುಟ್ಟುವುದೂ ಇಲ್ಲ. ರೊಹಾನಿಯ ಜನರಲ್ಲಿ ಈ ಪದ್ಧತಿಯಿರಲಿಲ್ಲ, ಆದರೆ ಗಿರಾಕಿಗಳದ್ದೇ ಅವಳ ತಲೆನೋವು. ಮೂರು ತಾಸಿನಿಂದ ಒಬ್ಬರೂ ಆ ಯಂತ್ರದ ಬಳಿ ಸುಳಿದಿಲ್ಲ ಎಂದು ಗೊಣಗಿದಳು. ನಿಯಮದ ಪ್ರಕಾರ ಸಿಬ್ಬಂದಿ ಮುಟ್ಟುವಂತಿಲ್ಲ. ದುಡ್ಡು ಬಿಟ್ಟುಹೋದವರು ಬಂದು ಹೇಳಿದರೆ ಪುಸ್ತಕದಲ್ಲಿ ಹೆಸರು, ಮನೆ ನಂಬರು ಬರೆಸಿಕೊಳ್ಳಬೇಕು, ಬೆಳಿಗ್ಗೆ ಮ್ಯಾನೇಜರು ಮನೆಗೆ ಫೋನು ಮಾಡಿ ವಿಚಾರಿಸುತ್ತಾರೆ.

ಮನೆಯ ಫೋನು ಎತ್ತುವವನು ತೆಕ್ ಸೂನ್. ಸುವಾನ್ ಕಿಮ್ ತೆರೆದ ಬಾಯಿ ಮುಚ್ಚಿದಳು. ಸುಮ್ಮನೆ ಎಳೆದುಕೊಂಡು ಹೋಗೋಣವೆಂದರೆ ನೆತ್ತಿಯ ಮೇಲೆ ಕ್ಯಾಮೆರಾ. ಇಂಥ ದುಡ್ಡೆತ್ತಿದವರ ಮನೆಗೆ ಪೊಲೀಸರು ಬಂದ ಸುದ್ದಿಯನ್ನು ಅವಳೇ ಗಂಡನಿಗೆ ಓದಿ ಹೇಳಿದ್ದಳು.

ಅಷ್ಟರಲ್ಲಿ ಎರಡನೇ ಸಾಲಿನಿಂದ ಯಾರೋ, ಅತ್ತಿಗೆ, ಇಷ್ಟು ಹೊತ್ತಿನಲ್ಲಿ ಏನು ಬೇಕಾಯಿತು ಎಂದು ಕೇಳಿದರು. ಬೂನ್ ಹಿಯಾಂಗ್. ಕಂಕುಳಲ್ಲಿ ನೂಡಲ್ಸ್ ಪೊಟ್ಟಣ, ಮುಖದಲ್ಲಿ ಪಂಥದ ಸಾಕ್ಷಿಯ ಗಾಂಭೀರ್ಯ. ಉಪ್ಪು ಎಂದಳು. ಉಪ್ಪಿನ ಕಪಾಟಿನವರೆಗೆ ಹೋದಳು ಕೂಡ. ಉಪ್ಪಿನ ಕೆಳಗಿನ ಸಾಲಿನಲ್ಲಿ ಅಣ್ಣಂದಿರಿಗೆಂದು ಸುಡುವ ಕಾಗದದ ದುಡ್ಡಿನ ಕಟ್ಟುಗಳು ಕಂಡವು. ಅಲ್ಲಿಯೇ ಸ್ವಲ್ಪ ಹೊತ್ತು ನಿಂತು, ಹೇಳಬೇಕಾದ ಒಂದೊಂದು ಮಾತನ್ನೂ ಮನಸ್ಸಿನಲ್ಲಿ ಜೋಡಿಸಿಕೊಂಡು ಹಿಂದಿರುಗಿದಳು.

“ಅಣ್ಣಂದಿರು ಈ ನೋಟು ತಗೊಂಡ್ ಏನ್ ಮಾಡ್ತಾರೆ?” ಎಂದಳು, ಎರಡೂ ಸಾಲಿಗೆ ಕೇಳುವ ಹಾಗೆ. “ಅಲ್ಲಿ ಇದು ನಡೆಯುತ್ತಾ? ಬದಲಾಯಿಸಿ ಕಳಿಸ್ಬೇಕಲ್ವಾ?”

ಇದು ಯಾರಿಗೂ ಹೊಳೆದಿರಲಿಲ್ಲ. ಈ ದುಡ್ಡಿನಲ್ಲೇ ಕಾಗದದ ದುಡ್ಡು ಕೊಂಡು ಸುಟ್ಟುಬಿಟ್ಟರೆ ಅವರದು ಅವರಿಗೆ ಸೇರುತ್ತದೆ, ಯಂತ್ರವೂ ಬಿಡುಗಡೆಯಾಗುತ್ತದೆ ಎಂದು ಅವಳು ವಿವರಿಸಿದಳು. ಲೆಕ್ಕ ಹಾಕಿಯೇ ಹೇಳಿದ್ದಳು: ಎರಡು ಕಟ್ಟು ಸುಟ್ಟರೆ ಆರು ಡಾಲರ್, ಉಳಿದದ್ದು ಸದ್ದಿಲ್ಲದೆ ಪರ್ಸಿಗೆ. ಆದರೆ ಸಾಲಿನಲ್ಲಿದ್ದ ಒಬ್ಬ ಅಜ್ಜಿ, ಅವರ ದುಡ್ಡಿನಲ್ಲಿ ಒಂದು ಕಾಸೂ ಉಳಿಸಿಕೊಳ್ಳಬಾರದು, ಉಳಿಸಿಕೊಂಡವರ ಮನೆಗೆ ಅವರೇ ಕೇಳಿಕೊಂಡು ಬರುತ್ತಾರೆ ಎಂದಳು. ಎಲ್ಲರೂ ತಲೆಯಾಡಿಸಿದರು. ರೊಹಾನಿ ನಾಳೆ ಮ್ಯಾನೇಜರಿಗೆ ತೋರಿಸಲು ಫೋನು ತೆಗೆದು ಚಿತ್ರೀಕರಣ ಶುರುಮಾಡಿದಳು.

ಹೀಗೆ ಸುವಾನ್ ಕಿಮ್ ಯಂತ್ರಕ್ಕೆ ಮೂರು ಸಲ ತಲೆಬಾಗಿ, ತನ್ನ ದುಡ್ಡನ್ನು ತಾನೇ ಎರಡು ಬೆರಳಲ್ಲಿ ಎಳೆದು, ಅದೇ ಯಂತ್ರಕ್ಕೆ ತುರುಕಿ, ಹನ್ನೊಂದು ಕಟ್ಟು ಕಾಗದ ಕೊಂಡಳು. ಈ ಸಲ ಬಂದ ಎರಡು ಡಾಲರ್ ಚಿಲ್ಲರೆಗೂ ಅಜ್ಜಿ ಊದುಬತ್ತಿ ಕೊಡಿಸಿದಳು.

ಹೊರುವುದಕ್ಕೆ ಬೂನ್ ಹಿಯಾಂಗ್ ಬಂದ. ಕಟ್ಟಡದ ಕೆಳಗೆ, ಕಾಗದ ಸುಡುವ ಡ್ರಮ್ಮಿನ ಬಳಿ, ಒಂದೊಂದೇ ಕಟ್ಟು ಬಿಚ್ಚಿ ಬೆಂಕಿಗೆ ಕೊಡುತ್ತ ನಿಂತರು. ಬೂದಿ ಸುತ್ತಿ ಸುತ್ತಿ ಮೇಲೇರುತ್ತಿತ್ತು. ಆರನೇ ಕಟ್ಟಿಗೆ ಅವನು ಬೆಂಕಿಯನ್ನೇ ನೋಡುತ್ತ ಬಾಯಿ ಬಿಟ್ಟ.

“ಎಂಟು ಗಂಟೆಗೆ ನಿಮ್ಮ ಹಿಂದೇನೇ ನಿಂತಿದ್ದೆ ಅತ್ತಿಗೆ.”

ಆರನೆಯ ಕಟ್ಟು ಅವಳ ಕೈಯಿಂದ ಇಡಿಯಾಗಿ ಬೆಂಕಿಗೆ ಬಿತ್ತು.

ಹಕ್ಕಿ ಮನೆಗೆ ಬಂದ ಹಾಗೆಯೇ, ಮಾನವೂ ಹೋಯಿತು ಎಂದುಕೊಂಡಳು. ಆದರೆ ಅವನ ದನಿಯಲ್ಲಿ ಗೆದ್ದವರ ಕಡೆಯವನ ಸೊಕ್ಕಿರಲಿಲ್ಲ. ಕೂಗಿ ಕರೆಯಲು ಬಾಯಿ ತೆರೆದಿದ್ದನಂತೆ. ಕರೆದರೆ ಮರೆತದ್ದು ನಾಲ್ಕು ಜನಕ್ಕೆ ಗೊತ್ತಾಗುತ್ತದೆ, ಹಕ್ಕಿ ಕೊಡಬೇಕಾಗುತ್ತದೆ. ದುಡ್ಡು ತೆಗೆದುಕೊಂಡು ಹೋಗಿ ಕೊಡೋಣವೆಂದರೆ ಕ್ಯಾಮೆರಾ, ಜೊತೆಗೆ ಬಾಗಿಲು ತೆರೆಯುವವನು ತೆಕ್ ಸೂನ್. ಯಾರೂ ಮುಟ್ಟದಿರಲಿ ಎಂದು ಎರಡು ಕಿತ್ತಳೆ ಕೊಂಡು ಅಡಿಯಲ್ಲಿಟ್ಟನಂತೆ. ಮಿಕ್ಕದ್ದನ್ನು ಜನರೇ ಮಾಡಿದರು. ನೀವು ಬರುತ್ತೀರೇನೋ ಎಂದು ನಾಲ್ಕು ಸಲ ಬಂದು ನೋಡಿದೆ, ಬಂದಾಗಲೆಲ್ಲ ಏನಾದರೂ ಕೊಳ್ಳಬೇಕಲ್ಲ, ಮನೆ ತುಂಬ ನೂಡಲ್ಸ್ ಎಂದ.

“ಅವತ್ತು ಏನೋ ಹುರುಪಲ್ಲಿ ಕೊಡ್ತೀನಿ ಅಂದ್ಬಿಟ್ಟೆ,” ಎಂದ. “ನನ್ ಹೆಂಡ್ತಿ ಮಾತು ಬಿಟ್ಟು ಎರಡು ವರ್ಷ ಆಯ್ತು. ಆ ಹಕ್ಕಿಯಾದ್ರೂ ಬೆಳಿಗ್ಗೆ ಎದ್ದು ನನ್ ಮುಖ ನೋಡಿ ಹಾಡುತ್ತೆ.”

ಸುವಾನ್ ಕಿಮ್ ಉಳಿದ ಐದು ಕಟ್ಟನ್ನೂ ಅವನ ಕೈಯಿಂದ ತೆಗೆದುಕೊಂಡು ಒಟ್ಟಿಗೆ ಡ್ರಮ್ಮಿಗೆ ಹಾಕಿದಳು. ಮೂವತ್ತೈದು ಡಾಲರಿನಲ್ಲಿ ಉಳಿದದ್ದೂ ಭಗ್ಗನೆ ಹೊತ್ತಿಕೊಂಡಿತು.

ಮನೆಗೆ ಬಂದು ಹಾಸಿಗೆಯ ಅಂಚಿಗೆ ಕೂತಾಗ ತೆಕ್ ಸೂನ್ ಮಗ್ಗುಲಾದ. ನಿದ್ದೆಗಣ್ಣಲ್ಲೇ ಹೊಗೆಯ ವಾಸನೆ ಬರುತ್ತಿದೆಯಲ್ಲ ಎಂದ. ನಿಮ್ಮಪ್ಪನಿಗೆ ಸ್ವಲ್ಪ ಕಾಗದ ಸುಟ್ಟು ಬಂದೆ ಎಂದಳು. ಪೂರ್ತಿ ಸುಳ್ಳೇನಲ್ಲ, ಕೊನೆಯ ಕಟ್ಟುಗಳನ್ನು ಹಾಕುವಾಗ ಮಾವನ ಹೆಸರು ಹೇಳಿಕೊಂಡಿದ್ದಳು.

ಅವನು ಕತ್ತಲಲ್ಲಿ ಕಣ್ಣು ಬಿಟ್ಟ. “ಇದೊಂದನ್ನ ನಾನು ಪ್ರತಿ ವರ್ಷ ಮರೀತೀನಿ,” ಎಂದ. “ನೀನು ಏನೂ ಮರೆಯಲ್ಲ, ಅಲ್ವಾ ಕಿಮ್?”

ಅವಳು ಹೊದಿಕೆಯನ್ನು ಅವನ ಭುಜದವರೆಗೆ ಎಳೆದಳು. ಇನ್ನು ಮೂರು ದಿನವಲ್ಲ, ಮೂವತ್ತು ವರ್ಷವಾದರೂ ಸರಿ, ಈ ರಾತ್ರಿಯ ಸಂಗತಿಯನ್ನು ಯಾರೊಬ್ಬರಿಗೂ ಹೇಳಬಾರದು ಎಂದು ನಿಶ್ಚಯಿಸಿಕೊಂಡಳು.