ನಡುವೆ ಹಸಿ ಉಳಿದ ಜಾಯಿಂಟು

ಬೆಲ್ಟು ಅಂದರೆ ಸೊಂಟಕ್ಕೆ ಬಿಗಿಯುವ ಬೆಲ್ಟಲ್ಲ ಸ್ವಾಮಿ. ಕಲ್ಲು ಒಡೆಯುವ ಕಾರ್ಖಾನೆಯಲ್ಲಿ ಜಲ್ಲಿಯನ್ನು ಕೆಳಗಿನಿಂದ ಮೇಲಕ್ಕೆ ಹೊತ್ತೊಯ್ಯುವ, ಮಂಚದಷ್ಟು ಅಗಲದ ಬೆಲ್ಟು. ಒಳಗೆ ರಬ್ಬರು ಬಳಿದ ನಾಲ್ಕು ಪದರ ಬಟ್ಟೆ, ಮೇಲೆ ಕೆಳಗೆ ದಪ್ಪ ರಬ್ಬರು. ಭಾರ ಎಳೆಯುವುದೆಲ್ಲ ಆ ಬಟ್ಟೆಯೇ. ಹೆಸರು ಮಾತ್ರ ರಬ್ಬರಿನದು.

ಅದರ ಎರಡು ತುದಿ ಸೇರಿಸುವುದರಲ್ಲಿ ಆ ಕಾರ್ಖಾನೆಯ ಮೇಸ್ತ್ರಿಯದು ಎತ್ತಿದ ಕೈ. ಪದರಗಳನ್ನು ಮೆಟ್ಟಿಲಿನಂತೆ ಕೊಯ್ದು, ಉಜ್ಜಿ, ಸಲ್ಯೂಷನ್ ಎಂಬ ಅಂಟು ಬಳಿದು, ಒಣಗಿದೆಯೋ ಎಂದು ಬೆರಳಿನ ಹಿಂಬದಿಯಿಂದ ಮುಟ್ಟಿ ನೋಡಿ, ಆಮೇಲೆ ಒಂದರ ಮೇಲೊಂದು ಕೂರಿಸಿ ಬಡಿಯಬೇಕು. ಇಪ್ಪತ್ತು ವರ್ಷದಲ್ಲಿ ಅವನು ಹಾಕಿದ ಒಂದು ಜಾಯಿಂಟೂ ಬಿಟ್ಟಿರಲಿಲ್ಲ.

ಹನ್ನೊಂದು ದಿನದ ಹಿಂದೆ ಬಿಟ್ಟಿತು. ಕಿತ್ತುಹೋದ ಬೆಲ್ಟು ಜಲ್ಲಿಯ ಸಮೇತ ಜಾರಿ ಬಂದು ಕೆಳಗಿದ್ದ ಇಬ್ಬರ ಮೇಲೆ ಬಿತ್ತು. ಗ್ರೀಸ್ ಹಾಕುವವನ ಕಾಲು ಹೋಯಿತು. ಬೆಲ್ಟು ಓಡಿಸುವ ಆಪರೇಟರನ ಜೀವವೇ ಹೋಯಿತು. ಆಪರೇಟರ್ ಬೇರೆ ಯಾರೂ ಅಲ್ಲ, ಮೇಸ್ತ್ರಿಯ ಒಡಹುಟ್ಟಿದ ಅಣ್ಣ.

"ಮಿತಿಮೀರಿ ಲೋಡ್ ಹಾಕಿದಾನೆ, ಅದಕ್ಕೇ ಕಿತ್ತೋಗಿದೆ," ಎಂದ ಸೂಪರ್‌ವೈಸರ್. ಸತ್ತವನು ಎದ್ದು ಬಂದು ಅಲ್ಲ ಎನ್ನುತ್ತಾನೆಯೇ? ಗ್ರೀಸಿನವನ ತಾಯಿ ಅಣ್ಣನ ಮನೆ ಬಾಗಿಲಲ್ಲಿ ನಿಂತು ಅತ್ತಿಗೆಗೆ, "ನಿನ್ನ ಗಂಡ ನನ್ನ ಮಗನ ಬಾಳು ಹಾಳ್ಮಾಡ್ದ," ಎಂದು ಎದೆ ಬಡಿದುಕೊಂಡಳು. ಅಂದಿನಿಂದ ಅತ್ತಿಗೆ ಹೊಸ್ತಿಲು ದಾಟಿಲ್ಲ. ಆರು ವರ್ಷದವನಿದ್ದಾಗಿನಿಂದ ಮೇಸ್ತ್ರಿಯನ್ನು ಸಾಕಿ ಸಲಹಿದವಳು ಅವಳೇ. ಅವನಿಗೆ ಆ ಮನೆ ಬಿಟ್ಟರೆ ಇನ್ನೊಂದಿಲ್ಲ.

ಹರಿದ ಜಾಯಿಂಟನ್ನು ಕೊಯ್ದು ಹೊಸದು ಹಾಕುವ ಕೆಲಸ ಅವನ ಪಾಲಿಗೇ ಬಂತು. ಕೊಯ್ದ ತುಂಡನ್ನು ತಿರುಗಿಸಿ ನೋಡಿದ. ಲೋಡಿಗೆ ಹರಿದಿದ್ದರೆ ಬಟ್ಟೆಯ ನೂಲು ಚಿಂದಿಯಾಗಿರಬೇಕು. ಇಲ್ಲಿ ಅಂಟು ಹಿಡಿದಿದ್ದ ಎರಡು ಅಂಚಿನಲ್ಲಷ್ಟೇ ರಬ್ಬರು ಕಿತ್ತುಬಂದಿತ್ತು. ನಡುವೆ ಪದರಗಳು ಬಾಳೆಹಣ್ಣಿನ ಸಿಪ್ಪೆ ಸುಲಿದಂತೆ ನುಣ್ಣಗೆ ಬಿಟ್ಟುಕೊಂಡಿದ್ದವು. ಈ ಜಾಯಿಂಟು ಹಾಕುವಾಗ ಬೇಗ ಒಣಗಲೆಂದು ಫ್ಯಾನು ಇಟ್ಟಿದ್ದ. ಗಾಳಿಗೆ ಅಂಚು ಮೊದಲು ಒಣಗಿತ್ತು. ಅಂಚನ್ನಷ್ಟೇ ಮುಟ್ಟಿ, ನಡುವಿನವರೆಗೆ ಬಗ್ಗದೆ, "ಆಯ್ತು, ಕೂರಿಸ್ರೋ," ಎಂದಿದ್ದ. ಸೋಮಾರಿತನ, ಇನ್ನೇನು? ಮುಚ್ಚುಮರೆ ಏಕೆ?

ತುಂಡನ್ನು ಗುಜರಿ ರಾಶಿಗೆ ಎಸೆದಿದ್ದರೆ ನರಪಿಳ್ಳೆಗೂ ಗೊತ್ತಾಗುತ್ತಿರಲಿಲ್ಲ. ಅವನು ಅದನ್ನು ಕಂಕುಳಲ್ಲಿ ಇಟ್ಟುಕೊಂಡು ಮನೆಗೆ ಬಂದ.

"ಅತ್ತಿಗೆ, ಅಣ್ಣ ಲೋಡ್ ಜಾಸ್ತಿ ಹಾಕಿರಲಿಲ್ಲ."

ಅವಳ ಮುಖ ಅರಳಿತು. ಅಯ್ಯೋ, ಎಷ್ಟು ಅರಳಿತು! "ನಂಗೊತ್ತಿತ್ತು ಕಣೋ! ಅವರು ಅಂಥವರಲ್ಲ ಅಂತ ಬಾಯಿ ಬಡ್ಕೊಂಡೆ, ಯಾರು ಕೇಳಿದ್ರು? ಮತ್ತೆ ಯಾಕೋ ಕಿತ್ತೋಯ್ತು?"

"ಜಾಯಿಂಟು ನಡುವೆ ಹಸಿ ಇತ್ತು. ನಾನು ಮುಟ್ಟಿ ನೋಡ್ಲಿಲ್ಲ."

ಅವಳು ತುಂಡನ್ನು ಕೈಗೆತ್ತಿಕೊಂಡು ಬಹಳ ಹೊತ್ತು ಸವರಿದಳು. ಆಮೇಲೆ ಕಣ್ಣೊರೆಸಿಕೊಂಡು ಚಪ್ಪಲಿ ಮೆಟ್ಟಿದಳು. "ನಡಿ. ಅವರ ಮನೇಲೂ ಇದನ್ನೇ ಹೇಳು."

ಗ್ರೀಸಿನವನ ಮನೆಯಲ್ಲಿ ಅವನು ಒಂದಕ್ಷರ ಬಿಡದೆ ಹೇಳಿದ. ಆ ತಾಯಿ ಅತ್ತಿಗೆಯ ಕೈ ಹಿಡಿದುಕೊಂಡು ಅತ್ತಳು. ಇವನತ್ತ ಯಾರೂ ನೋಡಲಿಲ್ಲ.

ತಿರುಗಿ ಬಂದಾಗ ಅತ್ತಿಗೆ ಮನೆಯ ಬಾಗಿಲಿಗೆ ಅಡ್ಡ ನಿಂತಳು.

"ನಾಳೆ ಆಫೀಸಲ್ಲೂ ಹೇಳ್ತೀನಿ ಅತ್ತಿಗೆ."

"ಹೇಳು. ಇಲ್ಲೇ ನಿಂತಿರು, ನಿನ್ನ ಬಟ್ಟೆಬರೆ ತಂದ್ಕೊಡ್ತೀನಿ. ಸಿಟ್ಟಲ್ಲ ಕಣೋ. ನಿಂಗೆ ಅನ್ನ ಬಡಿಸೋಕೆ ಇನ್ನು ನನ್ನ ಕೈ ಏಳಲ್ಲ."

ಅವನು ಬೀದಿಯಲ್ಲೇ ನಿಂತ. ಒಳಗೆ ಅವಳು ಅವನ ಅಂಗಿಗಳನ್ನು ಮಡಿಸುತ್ತ ಬಿಕ್ಕುವುದು ಅವನಿಗೆ ಕೇಳುತ್ತಿತ್ತು.