ಸುಸ್ವಾಗತದ ಬಿಲ್ಲೆ

ಹೋಟೆಲಿನವರೆಲ್ಲ ಅವನನ್ನು 'ಕಳಿಸ್ತೀನಿ' ಎಂದೇ ಕರೆಯುತ್ತಿದ್ದರು. ಪಾತ್ರೆ ತೊಳೆಯುವವರು ಬೇಕೆಂದು ಫೋನು ಬರಲಿ, ಬಡಿಸುವವರು ಬೇಕೆಂದು ಬರಲಿ, ಆ ಕಡೆಯವರ ಮಾತು ಮುಗಿಯುವ ಮೊದಲೇ ಅವನ ಬಾಯಿಂದ ಬರುತ್ತಿದ್ದುದು ಅದೊಂದೇ: "ಕಳಿಸ್ತೀನಿ." ಕಳಿಸುತ್ತಲೂ ಇದ್ದ ಅನ್ನಿ. ಒಂದು ದಿನಕ್ಕೆ, ಒಂದು ವಾರಕ್ಕೆ, ಒಂದು ದೊಡ್ಡ ಊಟಕ್ಕೆ, ಹೀಗೆ ಬಿಡಿಬಿಡಿಯಾಗಿ ಹೋಟೆಲುಗಳಿಗೆ ಆಳು ಒದಗಿಸುವುದೇ ಅವನ ಏಜೆನ್ಸಿಯ ಕಸುಬು. ಆಫೀಸೆಂದರೆ ಔಷಧಿ ಅಂಗಡಿಯ ಮಹಡಿಯ ಮೇಲೊಂದು ಕೋಣೆ, ಒಂದು ಕಾಲು ಕುಂಟುವ ಮೇಜು, ಗೋಡೆಯ ಮೇಲೆ 'ನಾವೆಲ್ಲರೂ ಒಂದೇ ಕುಟುಂಬ' ಎಂಬ ಬೋರ್ಡು. ಆ ಕುಟುಂಬದಲ್ಲಿ ನಿಜವಾಗಿ ಅವನ ಒಡಹುಟ್ಟಿದವಳು ಒಬ್ಬಳೇ ಇದ್ದಳು, ಅವನ ಅಕ್ಕ.

ತಾಯಿ ತೀರಿಕೊಂಡಾಗ ಅವನಿನ್ನೂ ಚಡ್ಡಿ ಹಾಕುತ್ತಿದ್ದ. ಅಕ್ಕ ಶಾಲೆ ಬಿಟ್ಟು ಹೋಟೆಲಿನ ಒಲೆಯ ಮುಂದೆ ನಿಂತಳು, ಅವನನ್ನು ಓದಿಸಿದಳು, ಸಾಕಿ ದೊಡ್ಡವನನ್ನಾಗಿ ಮಾಡಿದಳು. ತನಗೆಂದು ಒಂದು ಸಂಸಾರ ಮಾಡಿಕೊಳ್ಳುವುದಕ್ಕೆ ಅವಳಿಗೆ ಪುರಸೊತ್ತೇ ಆಗಲಿಲ್ಲ. ಕರಿಯುವ ಕೆಲಸದಲ್ಲಿ ಅವಳನ್ನು ಮೀರಿಸುವವರು ಆ ಊರಿನಲ್ಲಿ ಯಾರೂ ಇರಲಿಲ್ಲ. ಎಣ್ಣೆ ಕಾದಿದೆಯೋ ಇಲ್ಲವೋ ಎಂದು ಅದರ ಸದ್ದಿನಿಂದಲೇ ಹೇಳಿಬಿಡುತ್ತಿದ್ದಳು. ಏಜೆನ್ಸಿ ತೆರೆದಾಗ ತಮ್ಮ ಮೊದಲು ಕಳಿಸಿದ್ದೂ ಅವಳನ್ನೇ.

ಈ ಕಸುಬಿಗೊಂದು ಕಾಟವಿತ್ತು, ವಿಮೆ. ಕಳಿಸಿದ ಆಳಿಗೆ ಕೆಲಸದಲ್ಲಿ ಪೆಟ್ಟಾದರೆ ಆಸ್ಪತ್ರೆಯ ಖರ್ಚು ಕೊಡುವುದಕ್ಕೆ, ಗುಣವಾಗುವ ತನಕ ಸಂಬಳ ಕೊಡುವುದಕ್ಕೆ ಏಜೆನ್ಸಿಯವನು ವಿಮೆ ಮಾಡಿಸಲೇಬೇಕೆಂದು ಕಾನೂನು. ಕಂಪನಿಯವರೋ ಕೆಲಸ ನೋಡಿ ಕಂತು ಕಟ್ಟಿಸಿಕೊಳ್ಳುವವರು. ಬೆಂಕಿಯ ಮುಂದೆ ನಿಲ್ಲುವವರಿಗೆ ಅತಿ ಹೆಚ್ಚು, ಚಾಕು ಹಿಡಿಯುವವರಿಗೆ ಅದಕ್ಕಿಂತ ತುಸು ಕಡಿಮೆ, ಬಾಗಿಲಲ್ಲಿ ನಿಂತು ಹಲ್ಲು ಬಿಡುವ ಸ್ವಾಗತಕಾರರಿಗೆ ಹೆಚ್ಚುಕಮ್ಮಿ ಪುಕ್ಕಟೆ. ಇದನ್ನು ಕೇಳಿದ ದಿನವೇ ಕಳಿಸ್ತೀನಿಯ ತಲೆ ಚುರುಕಾಗಿ ಓಡಿತು. ಅಡುಗೆಯವರು, ತೊಳೆಯುವವರು, ಹೆಚ್ಚುವವರು, ಮೂಟೆ ಹೊರುವವರು, ಎಲ್ಲರೂ ಸ್ವಾಗತಕಾರರೆಂದು ಬರೆಸಿದ. ಯಾರಾದರೂ ಬಂದು ನೋಡಿದರೂ ನಂಬಲಿ ಎಂದು ಎಲ್ಲರ ಎದೆಗೂ 'ಸುಸ್ವಾಗತ' ಎಂಬ ಹಳದಿ ಪ್ಲಾಸ್ಟಿಕ್ ಬಿಲ್ಲೆ ಚುಚ್ಚಿಸಿದ. ಅಂದಿನಿಂದ ಆ ಊರಿನ ಹೋಟೆಲುಗಳ ಹಿತ್ತಿಲಲ್ಲಿ ಮೊಣಕೈ ತನಕ ಸೋಪಿನ ನೊರೆ ಮಾಡಿಕೊಂಡು, ಎಂಜಲು ತಟ್ಟೆಗಳನ್ನು ಸುಸ್ವಾಗತಿಸುವವರು ಕಾಣಿಸತೊಡಗಿದರು.

"ಇದೇನೋ ಇದು?" ಎಂದು ಅಕ್ಕ ಬಿಲ್ಲೆಯನ್ನು ತಿರುಗಿಸಿ ಮುರುಗಿಸಿ ನೋಡಿದ್ದಳು. "ಒಲೆ ಮುಂದೆ ಯಾರು ಬರ್ತಾರೆ ಅಂತ ಸ್ವಾಗತ ಮಾಡ್ಲಿ?"

"ಸುಮ್ನೆ ಹಾಕ್ಕೊಳ್ಳಕ್ಕ. ಅದೆಲ್ಲ ಆಫೀಸಿನ ವಿಷ್ಯ."

ಅಕ್ಕ ಹಾಕಿಕೊಂಡಳು. ತಮ್ಮನ ಮಾತಿಗೆ ಎದುರಾಡಿ ಅವಳಿಗೆ ಅಭ್ಯಾಸವಿರಲಿಲ್ಲ.

ಒಂದು ಭಾನುವಾರ, ಮಧ್ಯಾಹ್ನದ ಜನ ಕಿಕ್ಕಿರಿದಿದ್ದ ಹೊತ್ತಿನಲ್ಲಿ, ದೊಡ್ಡ ರಸ್ತೆಯ ಹೋಟೆಲಿನ ಅಡುಗೆಮನೆಯಲ್ಲಿ ಯಾರೋ ನೀರು ಚೆಲ್ಲಿ ಒರೆಸದೆ ಹೋಗಿದ್ದರು. ಅಕ್ಕನ ಕಾಲು ಜಾರಿತು. ಆಸರೆಗೆಂದು ಚಾಚಿದ ಬಲಗೈ ಬಾಣಲೆಯ ಅಂಚಿಗೆ ಸಿಕ್ಕಿ, ಕಾದ ಎಣ್ಣೆ ಮಣಿಕಟ್ಟಿನಿಂದ ಬೆರಳ ತುದಿಯ ತನಕ ಸುರಿಯಿತು. ಎದೆಯ ಮೇಲಿದ್ದ ಬಿಲ್ಲೆಯೂ ಅರ್ಧ ಕರಗಿ 'ಸುಸ್ವಾ' ಅಷ್ಟೇ ಉಳಿಯಿತು.

ಕಳಿಸ್ತೀನಿ ಬಿದ್ದಂಬೀಳ ಆಸ್ಪತ್ರೆಗೆ ಓಡಿದ. ಅಕ್ಕನ ಕೈ ನೋಡಿ ಅವಳ ಮಂಚದ ಪಕ್ಕ ಕೂತು ಚಿಕ್ಕ ಮಗುವಿನ ಹಾಗೆ ಅತ್ತ. ಅದು ನಾಟಕವಲ್ಲ. ಅವನು ಜಿಪುಣನೇ ಹೊರತು ಕಟುಕನಲ್ಲ.

"ಬೇಗ ಆಪರೇಷನ್ ಮಾಡಿ ಚರ್ಮ ಕೂರಿಸಿದ್ರೆ ಬೆರಳುಗಳು ಉಳಿಯುತ್ವೆ," ಎಂದರು ಡಾಕ್ಟರು. "ತಡ ಮಾಡಿದ್ರೆ ಮಡಚ್ಕೊಂಡ ಹಾಗೇ ನಿಂತುಬಿಡುತ್ವೆ. ಆಮೇಲೆ ನಾವೇನು ಮಾಡಿದ್ರೂ ಅಷ್ಟಕ್ಕಷ್ಟೇ."

"ವಿಮೆ ಇದೆ ಡಾಕ್ಟ್ರೇ! ಎಲ್ಲಾರ್ಗೂ ಮಾಡ್ಸಿದ್ದೀನಿ!" ಎಂದು ಅವನು ಎದೆ ತಟ್ಟಿಕೊಂಡ.

ವಿಮೆ ಕಂಪನಿಯಿಂದ ಬಂದ ಫೋನು ಬಹಳ ನಯವಾಗಿತ್ತು. ಬಾಗಿಲಲ್ಲಿ ನಿಲ್ಲುವ ಸ್ವಾಗತಕಾರಿಣಿಯ ಮೇಲೆ ಕಾದ ಎಣ್ಣೆ ಬಿದ್ದದ್ದು ಹೇಗೆ ಎಂಬುದೊಂದು ಅವರಿಗೆ ಅರ್ಥವಾಗುತ್ತಿಲ್ಲವಂತೆ. ಪರಿಶೀಲನಾಧಿಕಾರಿ ಖುದ್ದಾಗಿ ಬಂದು ಜಾಗ ನೋಡುತ್ತಾರೆ, ನೋಡಿದ ಮೇಲೆ ಒಪ್ಪಿಗೆ. ಅಲ್ಲಿಯ ತನಕ ದಯವಿಟ್ಟು ಕಾಯಬೇಕು.

ವಾರ ಕಳೆಯಿತು. ಅಧಿಕಾರಿ ರಜೆಯ ಮೇಲಿದ್ದರು. ಇನ್ನೊಂದು ವಾರ ಕಳೆಯಿತು. ಅಧಿಕಾರಿಗೆ ಬೇರೆ ಊರಿನಲ್ಲಿ ಕೆಲಸವಿತ್ತು.

"ಆಳು ಸಾಗಿಸೋಕೆ ತಗೊಂಡ ಹೊಸ ವ್ಯಾನ್ ಮಾರಿ ಆಪರೇಷನ್ ಮಾಡಿಸ್ಬಿಡಿ," ಎಂದಳು ಅವನ ಹೆಂಡತಿ. "ಮೊದ್ಲು ಅತ್ತಿಗೆ ಕೈ ನೆಟ್ಟಗಾಗ್ಲಿ."

"ಮಾರೋದಾದ್ರೆ ವಿಮೆ ಯಾಕೆ ಕಟ್ಬೇಕಿತ್ತು?" ಎಂದು ಅವನು ರೇಗಿದ. "ಇವತ್ತೋ ನಾಳೆನೋ ಬರ್ತಾರೆ."

ನಿಜ ಹೇಳಿಬಿಡೋಣವೆಂದು ಒಂದೆರಡು ಸಲ ಅವನಿಗೆ ಅನ್ನಿಸಿದ್ದು ಹೌದು. ಹೇಳಿದರೆ ವಿಮೆ ರದ್ದು, ಏಜೆನ್ಸಿಗೆ ಬೀಗ, ಮೇಲೆ ಕೇಸು. ಆದ್ದರಿಂದ ಅವನು ಅದಕ್ಕಿಂತ ಸುಲಭದ ದಾರಿ ಹಿಡಿದ. ಅಡುಗೆಯವಳನ್ನು ಬಾಗಿಲಿಗೆ ತರುವ ಬದಲು ಒಲೆಯನ್ನೇ ಬಾಗಿಲಿಗೆ ತಂದ.

ಹೋಟೆಲಿನ ಯಜಮಾನ ಮೊದಲು ಕೂಗಾಡಿದ. ವಿಮೆ ಕೈಕೊಟ್ಟರೆ ಗಾಯಾಳು ಪರಿಹಾರ ಕೇಳಿ ನಿನ್ನ ಮೇಲೇ ಬರುತ್ತಾಳೆ ಎಂದು ಕಳಿಸ್ತೀನಿ ತಿಳಿಹೇಳಿದ ಮೇಲೆ ತಣ್ಣಗಾದ. ಒಲೆ, ಸಿಲಿಂಡರು, ಬಾಣಲೆ ಎಲ್ಲವೂ ಹೊಸ್ತಿಲಿಗೆ ಬಂದವು. ಬಂದವರಿಗೆಲ್ಲ ಬಾಗಿಲಲ್ಲೇ ಬಿಸಿಬಿಸಿ ಆಲೂಗಡ್ಡೆ ಕರಿದು ಕೊಟ್ಟು ಬರಮಾಡಿಕೊಳ್ಳುವುದು ಈ ಹೋಟೆಲಿನ ಹಳೆಯ ಪದ್ಧತಿ ಎಂದು ಎಲ್ಲರಿಗೂ ಉರು ಹೊಡೆಸಲಾಯಿತು. ತಮಾಷೆಯೆಂದರೆ ಗಿರಾಕಿಗಳು ಇದಕ್ಕೆ ಮರುಳಾಗಿ ಬೀದಿಯ ತಿರುವಿನ ತನಕ ಸಾಲು ನಿಂತರು. ಈ ಬುದ್ಧಿ ತನ್ನದೇ ಎಂದು ಯಜಮಾನ ಕಂಡಕಂಡವರಿಗೆಲ್ಲ ಹೇಳಿಕೊಳ್ಳತೊಡಗಿದ.

ಕೊನೆಗೂ ಅಧಿಕಾರಿ ಬಂದಳು. ಕನ್ನಡಕದ, ಮಿತಭಾಷಿ ಹೆಂಗಸು, ಕೈಯಲ್ಲೊಂದು ಅಳತೆ ಟೇಪು. ಮೊದಲು ಹೊಸ್ತಿಲಿನಿಂದ ಒಲೆಗೆ ಎಷ್ಟು ದೂರವೆಂದು ಅಳೆದಳು. ಆಮೇಲೆ ಒಳಗೆ ಇಣುಕಿದಳು.

"ಈ ಹೋಟೆಲ್‌ಗೆ ನೀವು ಹನ್ನೊಂದು ಜನ ಸ್ವಾಗತಕಾರರನ್ನ ಕಳಿಸಿದ್ದೀರಿ. ಅಡುಗೆ ಯಾರು ಮಾಡ್ತಾರೆ?"

"ಯಜಮಾನ್ರೇ ಮಾಡ್ತಾರೆ ಮೇಡಂ," ಎಂದ ಕಳಿಸ್ತೀನಿ.

ಜನ್ಮದಲ್ಲಿ ಒಂದು ಲೋಟ ನೀರು ಕಾಯಿಸಿ ಗೊತ್ತಿಲ್ಲದ ಯಜಮಾನ ನಾಚಿಕೊಂಡು ತಲೆಯಾಡಿಸಿದ.

"ಪಾತ್ರೆ?"

"ಅದೂ ಅವರೇ. ತುಂಬಾ ಶ್ರಮಜೀವಿ ಮೇಡಂ."

ಅಷ್ಟರಲ್ಲಿ ಒಳಗಿನಿಂದ ಎದೆಯ ಮೇಲೆ ಸುಸ್ವಾಗತ ಹೊತ್ತ ಒಬ್ಬ ದಢೂತಿ ಆಸಾಮಿ ಕಣ್ಣೊರೆಸಿಕೊಳ್ಳುತ್ತ ಬಂದು, "ಈರುಳ್ಳಿ ಹೆಚ್ಚಿದ್ದಾಯ್ತು, ಮುಂದೇನು?" ಎಂದ.

"ಅವನು ಒಳಗಿನ ಸ್ವಾಗತ," ಎಂದ ಕಳಿಸ್ತೀನಿ, ಹಣೆಯ ಬೆವರೊರೆಸಿಕೊಂಡು. "ಮಾರ್ಕೆಟ್‌ನಿಂದ ಬರೋ ತರಕಾರಿನ ಬರಮಾಡ್ಕೊಳ್ತಾನೆ."

ಅಧಿಕಾರಿ ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಗಾಯಾಳುವನ್ನು ಕರೆಸಿ ಎಂದಳು. ಆಸ್ಪತ್ರೆಯಿಂದ ವ್ಯಾನಿನಲ್ಲಿ ಕರೆತಂದಿದ್ದ ಅಕ್ಕ ಮೂಲೆಯ ಕುರ್ಚಿಯಲ್ಲಿ, ಬಟ್ಟೆ ಸುತ್ತಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ತಮ್ಮ ಹೇಳಿಕೊಟ್ಟಿದ್ದ.

"ನಿಮ್ಮ ಕೆಲ್ಸ ಏನಮ್ಮ?"

ಅಕ್ಕ ತಮ್ಮನ ಮುಖ ನೋಡಿದಳು. ಅವನು ನೆಲ ನೋಡಿದ.

"ಬಂದವರನ್ನ ಸ್ವಾಗತ ಮಾಡೋದು."

"ಮತ್ತೆ ಎಣ್ಣೆ?"

"ಅವತ್ತು ಎಣ್ಣೆ ಬಂತು ಮೇಡಂ," ಎಂದಳು ಅಕ್ಕ. "ಅದನ್ನೂ ಸ್ವಾಗತ ಮಾಡ್ದೆ."

ಇದನ್ನು ತಮ್ಮ ಹೇಳಿಕೊಟ್ಟಿರಲಿಲ್ಲ. ಅಧಿಕಾರಿ ಅಕ್ಕನನ್ನು ಒಂದು ಕ್ಷಣ ದಿಟ್ಟಿಸಿ ನೋಡಿ, ಪೆನ್ನಿನ ಮುಚ್ಚಳ ಹಾಕಿದಳು. ಕಂಪನಿಯ ನಿಯಮ ಕೇಳುತ್ತಿದ್ದುದು ಎರಡೇ: ಗಾಯವಾದದ್ದು ಹೇಳಿದ ಜಾಗದಲ್ಲಿಯೇ? ಹೇಳಿದ ಕೆಲಸ ಮಾಡುವಾಗಲೇ? ಜಾಗ ಬಾಗಿಲು, ಕೆಲಸ ಸ್ವಾಗತ, ಬಾಗಿಲಲ್ಲಿ ಎಣ್ಣೆ ಕಣ್ಣೆದುರೇ ಕುದಿಯುತ್ತಿದೆ. ಒಪ್ಪಿಗೆ ಸಿಕ್ಕಿತು.

ಕಳಿಸ್ತೀನಿ ಉಬ್ಬಿಹೋದ. ಎರಡೂ ಕೈಯಲ್ಲಿ ಆಲೂಗಡ್ಡೆಯ ಪೊಟ್ಟಣ ಹಿಡಿದು ಅವಳನ್ನು ಕಾರಿನ ತನಕ ಬೀಳ್ಕೊಟ್ಟ. ಅವಳು ಕಿಟಕಿಯ ಗಾಜು ಇಳಿಸಿದಳು.

"ಅಂದಹಾಗೆ, ಅವರನ್ನ ಅಡುಗೆಯವರು ಅಂತ ಬರೆಸಿದ್ರೆ ನಾನು ಬರೋದೇ ಬೇಕಿರ್ಲಿಲ್ಲ. ಅಡುಗೆಯವರ ಮೇಲೆ ಎಣ್ಣೆ ಬಿದ್ರೆ ನಮ್ಮಲ್ಲಿ ಯಾರೂ ಏನೂ ಕೇಳಲ್ಲ. ಮಾರನೇ ದಿನವೇ ಪಾಸ್."

ಕಾರು ಹೊರಟುಹೋಯಿತು. ಅವನು ಅಲ್ಲೇ ನಿಂತ. ಇಷ್ಟು ದಿನ ಅಕ್ಕನ ಕೈ ಆಪರೇಷನ್ನಿಗೆ ಕಾದದ್ದು ಯಾರಿಂದಾಗಿ ಎಂಬುದು ಅವನಿಗೆ ಆಗ ಹೊಳೆಯಿತು. ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಆಪರೇಷನ್ ಆಯಿತು. ಚರ್ಮ ಕೂತಿತು, ಬೆರಳು ಬಿಚ್ಚಲಿಲ್ಲ. ಸ್ವಲ್ಪ ಮೊದಲೇ ಆಗಿದ್ದರೆ ಎಂದು ಡಾಕ್ಟರು ಶುರುಮಾಡಿದರು, ಅಕ್ಕನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು.

ಆ ತಿಂಗಳ ಕೊನೆಗೆ ವಿಮೆ ಕಂಪನಿ ಹೊಸ ದರ ಹೊರಡಿಸಿತು. ಹೋಟೆಲಿನ ಬಾಗಿಲಲ್ಲಿ ಕಾದ ಎಣ್ಣೆ ಇರುತ್ತದೆಂದು ಪರಿಶೀಲನೆಯಲ್ಲಿ ರುಜುವಾತಾದ್ದರಿಂದ, ಇನ್ನು ಮುಂದೆ ಎಲ್ಲರಿಗಿಂತ ಅಪಾಯದ ಕೆಲಸ ಸ್ವಾಗತವೇ. ಅತಿ ಹೆಚ್ಚಿನ ಕಂತು ಅವರಿಗೇ. ಅಡುಗೆಯವರು ಒಳಗೆ ಕ್ಷೇಮವಾಗಿರುವವರು, ಅವರಿಗೆ ರಿಯಾಯಿತಿ.

ಕಳಿಸ್ತೀನಿ ರಾತ್ರಿ ಬೆಳಗಾಗುವುದರೊಳಗೆ ಎಲ್ಲರನ್ನೂ ಅಡುಗೆಯವರನ್ನಾಗಿ ಮಾಡಿದ. ಹೇಸಿಗೆ ಒಂದು ಕಡೆ, ಕಂತು ಇನ್ನೊಂದು ಕಡೆ. ಹೊಸ ಬಿಲ್ಲೆಗಳು ಬಂದವು, ಕೆಂಪು ಬಣ್ಣದವು, 'ಅಡುಗೆ' ಎಂದು ಬರೆದವು. ನಿಜವಾಗಿಯೂ ಬಾಗಿಲಲ್ಲಿ ನಿಂತು ಹಲ್ಲು ಬಿಡುತ್ತಿದ್ದ ಇಬ್ಬರೂ ಈಗ ಅದನ್ನೇ ಹಾಕಿಕೊಂಡು ಹಲ್ಲು ಬಿಟ್ಟರು.

ಅಕ್ಕನ ಬಿಲ್ಲೆಯನ್ನು ಕೊಡಲು ಅವನೇ ಅವಳ ಮನೆಗೆ ಹೋದ. ಅಕ್ಕ ಎಡಗೈಯಲ್ಲಿ ಅಕ್ಕಿ ತೊಳೆಯುತ್ತಿದ್ದಳು. ಅರ್ಧ ಅಕ್ಕಿ ಪಾತ್ರೆಯಲ್ಲಿ, ಅರ್ಧ ನೆಲದ ಮೇಲೆ.

"ಇದನ್ನ ಹಾಕ್ಕೊಂಡಿರ್ಬೇಕು ಅಕ್ಕ. ನಿನ್ನ ಸಂಬಳ ಇನ್ನೂ ವಿಮೆಯಿಂದ ಬರ್ತಿದೆಯಲ್ಲ, ಯಾರಾದ್ರೂ ಬಂದು ನೋಡಿದ್ರೆ..."

ಅಕ್ಕ ಕೈ ಒರೆಸಿಕೊಂಡು ಬಿಲ್ಲೆಯನ್ನು ಬೆಳಕಿಗೆ ಹಿಡಿದು ಓದಿದಳು.

"ಅಲ್ವೋ," ಎಂದಳು, ಸಿಟ್ಟಿಲ್ಲದೆ, "ಅಷ್ಟು ವರ್ಷ ಒಲೆ ಮುಂದೆ ಬೆಂದೆ, ಆಗ ನಾನು ಅಡುಗೆಯವಳಾಗಿರ್ಲಿಲ್ಲ. ಈಗ ಸೌಟು ಹಿಡಿಯೋಕಾಗಲ್ಲ, ಈಗ ಆದ್ನಾ?"

ಅವನ ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಿತ್ತು, ಯಾವುದೋ ಹೋಟೆಲಿಗೆ ತುರ್ತಾಗಿ ಜನ ಬೇಕಾಗಿರಬೇಕು. ಅವನು ಎತ್ತಲಿಲ್ಲ.

ಅಕ್ಕ ಬಿಲ್ಲೆಯ ಪಿನ್ನು ಬಿಚ್ಚಲು ಮಡಚಿದ ಬೆರಳುಗಳಿಂದ ಎರಡು ಸಲ ಹೆಣಗಿದಳು. ಆಗಲಿಲ್ಲ. ಚಿಕ್ಕವನಿದ್ದಾಗ ಶಾಲೆಗೆ ಹೊರಡುವ ಮುಂಚೆ ಅವನು ಅವಳೆದುರು ಅಂಗಿಯ ಗುಂಡಿ ಹಾಕಿಸಿಕೊಳ್ಳಲು ಬಂದು ನಿಲ್ಲುತ್ತಿದ್ದ ಹಾಗೆಯೇ ಅವಳು ಬಂದು ಅವನೆದುರು ನಿಂತಳು.

"ನೀನೇ ಚುಚ್ಚಿಬಿಡು," ಎಂದಳು.