ಹಿಗ್ಗಿದ ಟೇಪು

ನಲವತ್ತು ದಿನಗಳ ರಜೆಯಲ್ಲಿ ಮೂವತ್ತೇಳು ದಿನ ಆಕೆ ಗಂಡನನ್ನು ನೋಡಿದ್ದು ಹೆಚ್ಚಾಗಿ ಮೊಣಕಾಲಿನಿಂದ ಕೆಳಗೆ. ಉಳಿದದ್ದೆಲ್ಲ ಕಾರಿನಡಿ ಇರುತ್ತಿತ್ತು. ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮಾಸ್ಟರು ಆತನಿಗೆ ಕಾಲಪ್ಪ ಎಂದೇ ಹೆಸರಿಟ್ಟಿದ್ದರು. “ಕಾಲಪ್ಪನೋರದ್ದು ಕಾಫಿ ಆಯ್ತಾ?” ಎಂದು ಅವರು ಕಾಂಪೌಂಡಿನ ಮೇಲಿಂದ ಕೇಳುವುದು, “ಆಯ್ತು ಸಾರ್” ಎಂದು ಎರಡು ಪಾದಗಳು ಉತ್ತರಿಸುವುದು ದಿನವೂ ನಡೆಯುತ್ತಿತ್ತು.

ಆತ ಸರಕು ಹಡಗಿನ ಎಂಜಿನಿಯರು. ಎಂಟು ತಿಂಗಳು ನೀರಿನ ಮೇಲೆ, ನಲವತ್ತು ದಿನ ಮನೆಯಲ್ಲಿ. ಹಡಗಿನ ಎಂಜಿನ್ ಬಿಟ್ಟು ಬಂದವನು ಕಾರಿನ ಎಂಜಿನ್ ಹಿಡಿಯುತ್ತಿದ್ದ. ಆಕೆ ಊರಿನವರಿಗೆ ಅಂಗಿ, ಪ್ಯಾಂಟು, ಕೋಟು ಹೊಲಿಯುವವಳು. ಎರಡು ವರ್ಷದ ಹಿಂದೆ ಹೊಲಿಗೆ ಯಂತ್ರವನ್ನು ಒಳಕೋಣೆಯಿಂದ ಗ್ಯಾರೇಜಿನ ಕಿಟಕಿ ಪಕ್ಕಕ್ಕೆ ತಂದಿಟ್ಟಳು. ಬೆಳಕು ಚೆನ್ನಾಗಿದೆ ಎಂದು ಎಲ್ಲರಿಗೂ ಹೇಳಿದಳು. ಬೆಳಕು ಒಳಕೋಣೆಯಲ್ಲೇ ಚೆನ್ನಾಗಿತ್ತು.

ಕಾರು ಐವತ್ತು ವರ್ಷ ಹಳೆಯದು, ಎರಡೇ ಸೀಟಿನ ಸ್ಪೋರ್ಟ್ಸ್ ಕಾರು. ಮದುವೆಯಾದ ಹೊಸದರಲ್ಲಿ ಭಾನುವಾರ ಬಂತೆಂದರೆ ಇಬ್ಬರೂ ಅದರಲ್ಲಿ ಸೇತುವೆ ದಾಟಿ ಗುಡ್ಡದ ತುದಿಗೆ ಹೋಗುತ್ತಿದ್ದರು. ಒಂಬತ್ತು ವರ್ಷದ ಹಿಂದೆ ಆ ಸೇತುವೆಯ ಮೇಲೇ ಆಯಿಲ್ ಒಣಗಿ ಎಂಜಿನ್ ಕಚ್ಚಿಕೊಂಡು ನಿಂತೇಹೋಯಿತು. ಹಗ್ಗ ಕಟ್ಟಿ ಎಳೆದು ತಂದರು. ಆಮೇಲೆ ಅವರು ಗುಡ್ಡ ಹತ್ತಲಿಲ್ಲ. ಬಸ್ಸಿನಲ್ಲಾದರೂ ಹೋಗೋಣ ಎಂದರೆ, “ಛೆ, ಕಾರಲ್ಲೇ ಹೋಗೋಣ, ಮುಂದಿನ ರಜೆಗೆ” ಎನ್ನುತ್ತಿದ್ದ. ಈ ಸಲ ಮಾತ್ರ ಹಡಗಿನಿಂದಲೇ ಮಾತು ಕೊಟ್ಟಿದ್ದ: ಬೇರೆ ಎಂಜಿನ್ ಕೂರಿಸುತ್ತೇನೆ, ಹೊರಡುವ ಮುಂಚೆ ಗುಡ್ಡಕ್ಕೆ ಕರೆದೊಯ್ಯುತ್ತೇನೆ.

ಗುಜರಿಯಲ್ಲಿ ಎಂಜಿನ್ ನೋಡಿದವಳೂ ಆಕೆಯೇ. “ಬುಡದಿಂದ ನೆತ್ತಿವರೆಗೆ ಎತ್ತರ ಎಷ್ಟು ನೋಡು. ಕಾರಲ್ಲಿ ಜಾಗ ಇರೋದು ಇಪ್ಪತ್ತೇಳೂಮುಕ್ಕಾಲು ಇಂಚು, ನಾನೇ ಸ್ಟೀಲ್ ಸ್ಕೇಲಲ್ಲಿ ಅಳೆದಿದ್ದೀನಿ” ಎಂದು ಆತ ಫೋನಿನಲ್ಲಿ ಹೇಳಿದ್ದ. ಆಕೆ ಕೊರಳಲ್ಲಿದ್ದ ಟೇಪು ತೆಗೆದು, ಕೋಟಿನ ಅಳತೆ ತೆಗೆಯುವ ಹಾಗೆ ಮೂರು ಸಲ ಹಿಡಿದಳು. ಮೂರು ಸಲವೂ ಇಪ್ಪತ್ತೇಳೂವರೆ. ಎಂಜಿನ್ ಮನೆಗೆ ಬಂತು.

ಮೂವತ್ತೇಳನೆಯ ದಿನ ಎಂಜಿನ್ ಮೊದಲ ಸಲ ಚಾಲೂ ಆಯಿತು. ಗ್ಯಾರೇಜಿನ ತಗಡೆಲ್ಲ ನಡುಗಿತು. ಗಂಡ ನಗುತ್ತಾ ಬಾನೆಟ್ ತಂದು ಕೂರಿಸಿ ಒತ್ತಿದ. ಟಕ್ ಎನ್ನಬೇಕಾದದ್ದು ಡಬ್ ಎಂದಿತು. ಮತ್ತೆ ಒತ್ತಿದ. ಡಬ್. ಎಂಜಿನ್ನಿನ ನೆತ್ತಿ ಬಾನೆಟ್‌ಗೆ ತಾಗುತ್ತಿತ್ತು.

ಆತ ಸ್ಕೇಲು ತಂದು ಎಂಜಿನ್ ಅಳೆದ. ಇಪ್ಪತ್ತೆಂಟು. ಹೆಂಡತಿಯ ಕೊರಳಿನಿಂದ ಟೇಪು ತೆಗೆದು ಸ್ಕೇಲಿನ ಪಕ್ಕ ಚಾಚಿದ.

“ಎಷ್ಟು ವರ್ಷದ್ದೇ ಇದು?”

“ಹೊಲಿಗೆ ಕಲಿತಾಗಿನದು. ಇಪ್ಪತ್ತೆರಡು.”

“ಹಿಗ್ಗಿದೆ ಕಣೇ ನಿನ್ನ ಟೇಪು. ಅರ್ಧ ಇಂಚು!”

“ಈ ಮನೇಲಿ ಅದಾದ್ರೂ ಹಿಗ್ಗಲಿ ಬಿಡಿ.”

ಆತನಿಗೆ ನಗು ಬರಲಿಲ್ಲ. “ಇಷ್ಟು ವರ್ಷ ಯಾರೂ ಹೇಳಲಿಲ್ವಾ, ಅಂಗಿ ದೊಗಲೆ ಅಂತ?”

“ಯಾಕೆ ಹೇಳ್ತಾರೆ? ಮೈ ಅಳೆಯೋದೂ ಇದರಲ್ಲೇ, ಬಟ್ಟೆ ಅಳೆಯೋದೂ ಇದರಲ್ಲೇ. ನಿಮ್ಮ ಹಾಗೆ ನಡುವೆ ಸ್ಕೇಲು ತರೋರು ಯಾರೂ ಇರಲಿಲ್ಲ.”

ಎಂಜಿನ್ ತಗ್ಗಿಸಬೇಕೆಂದರೆ ಅದು ಕೂರುವ ಕಟ್ಟುಗಳನ್ನು ಹೊಸದಾಗಿ ಮಾಡಿಸಬೇಕು. ಲೇತಿನವನು ವಾರ ಬೇಕೆಂದ. ಉಳಿದದ್ದು ಮೂರು ದಿನ. ಗಂಡ ಕೈ ಒರೆಸಿಕೊಂಡು ಹೇಳಿದ, “ಮುಂದಿನ ರಜೆಗೆ...”

ಆಕೆ ಹೊಲಿಗೆ ಯಂತ್ರದ ಮುಂದೆ ಕೂತು ತುಳಿದಳು. ಸೂಜಿಯಲ್ಲಿ ದಾರವಿರಲಿಲ್ಲ. ಅರ್ಧ ತೋಳಿನವರೆಗೆ ಖಾಲಿ ತೂತು ಬಿದ್ದ ಮೇಲೆ ನಿಲ್ಲಿಸಿದಳು.

“ಗುಂಡಿ ಹತ್ತಲಿಲ್ಲ ಅಂತ ನೀವು ಅಂಗಿನೇ ಹಾಕ್ಕೊಳ್ಳಲ್ವಾ?”

“ಅಂದ್ರೆ?”

“ಬಾನೆಟ್ ಮನೇಲಿರಲಿ. ನಾವು ಹೋಗೋಣ.”

“ಹುಚ್ಚಾ ನಿಂಗೆ? ಹೊಟ್ಟೆ ಬಿಚ್ಚಿದ ಕಾರನ್ನ ರಸ್ತೆಗೆ ಇಳಿಸೋದಾ? ನಾನೊಬ್ಬ ಎಂಜಿನಿಯರು ಕಣೇ.”

“ಒಂಬತ್ತು ವರ್ಷದಿಂದ ಕೇಳ್ತಿದೀನಿ ರೀ, ಮುಂದಿನ ರಜೆ.”

ಆತ ಬಹಳ ಹೊತ್ತು ಕಾರು ನೋಡಿದ. ಆಮೇಲೆ ಬಾನೆಟ್ ಎತ್ತಿ ಗೋಡೆಗೆ ಒರಗಿಸಿದ.

ಮರುದಿನ ಬೆಳಿಗ್ಗೆ ಹೊರಟರು. “ಕಾಲಪ್ಪನಿಗೆ ತಲೆಯೂ ಇದೆ!” ಎಂದು ಪೋಸ್ಟ್‌ಮಾಸ್ಟರು ಗೇಟಿನಲ್ಲಿ ಕೂಗಿದರು. ಎಂಜಿನ್ನಿನ ಬಿಸಿಗಾಳಿ ನೇರ ಗಾಜಿಗೆ ಬಡಿಯುತ್ತಿತ್ತು. ಸದ್ದಿಗೆ ಒಬ್ಬರ ಮಾತು ಒಬ್ಬರಿಗೆ ಕೇಳಿಸಲಿಲ್ಲ. ಆಡಬೇಕೆಂದು ಎಂಟು ತಿಂಗಳು ಕೂಡಿಟ್ಟ ಮಾತನ್ನೆಲ್ಲ ಆಕೆ ಮಡಿಲಲ್ಲಿಟ್ಟುಕೊಂಡು ಸೇತುವೆ ದಾಟಿದಳು. ಆತನ ಕಣ್ಣು ರಸ್ತೆಗಿಂತ ಹೆಚ್ಚು ರೇಡಿಯೇಟರಿನ ಮೇಲಿತ್ತು.

ಗುಡ್ಡದ ತುದಿಯಲ್ಲಿ ಎಂಜಿನ್ ಆರಿಸಿದ. ಕಾದ ಕಬ್ಬಿಣ ತಣಿಯುತ್ತಾ ಟಿಕ್ ಟಿಕ್ ಎಂದಿತು. ಇಳಿದು ಆಯಿಲ್ ಸೋರಿದೆಯೇ ಎಂದು ಬಗ್ಗಲು ಹೋದವನ ತೋಳನ್ನು ಆಕೆ ಹಿಡಿದುಕೊಂಡಳು.

“ಬಗ್ಗಬೇಡಿ. ಸ್ವಲ್ಪ ಹೊತ್ತು ಪೂರ್ತಿ ಕಾಣಿಸ್ತಾ ಇರಿ.”

ಆತ ನಿಂತ. ಕಿವಿಯ ಪಕ್ಕ ಕೂದಲು ಬೆಳ್ಳಗಾಗಿದ್ದದ್ದು ಆಕೆಗೆ ಕಂಡಿತು. ಅದು ಯಾವ ರಜೆಯಲ್ಲಿ ಬೆಳ್ಳಗಾಯಿತೋ ಆಕೆಗೆ ಗೊತ್ತಿರಲಿಲ್ಲ. ಕೂಡಿಟ್ಟ ಮಾತುಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ.

ನಲವತ್ತನೆಯ ದಿನ ಬಾಗಿಲಲ್ಲಿ ಆತ ಹೊಸ ಟೇಪೊಂದನ್ನು ಆಕೆಯ ಕೊರಳಿಗೆ ಹಾಕಿದ. ಹಳೆಯದನ್ನು ಸುತ್ತಿ ತನ್ನ ಜೇಬಿಗಿಳಿಸಿದ.

“ಅದು ನಿಮಗ್ಯಾಕೆ?”

“ಇದರಲ್ಲಿ ಅಳೆದ್ರೆ ದೂರ ಸ್ವಲ್ಪ ಕಮ್ಮಿ ಬರುತ್ತೆ” ಎಂದು ಆತ ಚೀಲ ಎತ್ತಿಕೊಂಡ.

ಆತ ಹೋದ ಹತ್ತನೆಯ ದಿನ ಪೋಸ್ಟ್‌ಮಾಸ್ಟರು ಹೊಸ ಪ್ಯಾಂಟು ಕೈಯಲ್ಲಿ ಹಿಡಿದುಕೊಂಡೇ ಬಂದರು. “ಏನಮ್ಮಾ, ನಾನು ಅಷ್ಟು ಊದಿದ್ದೀನಾ? ಉಸಿರು ಬಿಟ್ರೆ ಗುಂಡಿ ಹಾರುತ್ತೆ!”

ಆಕೆ ಅಳತೆ ಬರೆದಿಡುವ ಪುಸ್ತಕ ತೆರೆದು ನೋಡಿದಳು. ಸೊಂಟ ಮೂವತ್ತಾರು, ಬರೆದದ್ದು ಹಳೆಯ ಟೇಪಿನ ಮೂವತ್ತಾರು, ಕತ್ತರಿಸಿದ್ದು ಹೊಸದರ ಮೂವತ್ತಾರು. ಪುಟದ ಮೇಲೆ ಪುಟ, ಇಡೀ ಊರು ಹಳೆಯ ಟೇಪಿನಲ್ಲೇ ಇತ್ತು. ಪೋಸ್ಟ್‌ಮಾಸ್ಟರ ಪ್ಯಾಂಟನ್ನು ಹೊಲಿಗೆ ಬಿಚ್ಚಿ ಸಡಿಲಿಸಲು ತೆಗೆದಿಟ್ಟುಕೊಂಡು, ಅವರು ಹೋದ ಮೇಲೆ ಹಡಗಿಗೆ ಫೋನು ಹಚ್ಚಿದಳು.

“ಆ ಟೇಪು ವಾಪಸ್ ತನ್ನಿ.”

“ಹೊಸದಿದೆಯಲ್ಲೇ?”

“ಊರವರ ಅಳತೆಯೆಲ್ಲ ನಿಮ್ಮ ಜೇಬಲ್ಲಿದೆ ಕಣ್ರೀ. ಬೇಗ ತನ್ನಿ.”

ಅತ್ತ ಕಡೆ ಹಡಗಿನ ಎಂಜಿನ್ ಗುಡುಗುಡು ಎನ್ನುತ್ತಿತ್ತು. “ಇನ್ನೂ ಇನ್ನೂರ ಮೂವತ್ತು ದಿನ ಇದೆ ಮಾರಾಯ್ತಿ” ಎಂದ ಆತ.

ಆಕೆ ಗೋಡೆಗೆ ಒರಗಿದ್ದ ಬಾನೆಟ್ ನೋಡುತ್ತಾ ಕೇಳಿದಳು:

“ಯಾವ ಟೇಪಲ್ಲಿ?”